ದೂರ ಇರಿ ಅಂದ್ರು, ಯಾರ ಹತ್ರ ಇರಬಹುದು ಅಂತ ಯಾರೂ ಹೇಳ್ಲಿಲ್ಲ

(ಮೈಸೂರಿನ ಒಂದು ಓದುಗರ ಕೂಟದಲ್ಲಿ ಮಾತಾಡಿದ್ದು ಇದು. ಬರೆದು ಹಾಕಿ ಮೇಡಂ ಅಂತ ಸುಮಾರು ಜನ ಕೇಳಿದ್ರು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತಿನ ಥರಾನೇ ಇರ್ಲಿ ಅಂತ ಜಾಸ್ತಿ ತಿದ್ದಿಲ್ಲ. ಕೌನ್ಸೆಲಿಂಗ್‌ಗೆ ಅಂತ ನನಗೆ ಫೋನ್ ಮಾಡಿದವರ ಊರು, ವಯಸ್ಸು, ಕೆಲಸ ಎಲ್ಲಾ ಬದಲಾಯಿಸಿದೀನಿ.)

ಎಲ್ಲರಿಗೂ ನಮಸ್ಕಾರ.

ಟಾಪಿಕ್ ಏನು ಅಂತ ಕೂಟದವರು ಕೇಳಿದಾಗ ನಾನು ನೇರವಾಗಿ ಹೇಳ್ಬಿಟ್ಟೆ, ಕೊರೊನಾ ಕಾಲದಲ್ಲಿ ಮುಟ್ಟೋದು, ತಬ್ಕೊಳೋದು, ಜೊತೇಲಿ ಮಲಗೋದು, ಇದರ ಬಗ್ಗೆ ಅಂತ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ "ಇನ್ವಿಟೇಷನ್‌ನಲ್ಲಿ ಮಾನಸಿಕ ಆರೋಗ್ಯ ಅಂತ ಹಾಕ್ಲಾ ಮೇಡಂ" ಅಂದ್ರು. ಹಾಕಪ್ಪ ಅಂದೆ. (ನಗು) ಹಾಗಾಗಿ ಮಾನಸಿಕ ಆರೋಗ್ಯ ಅಂತಾನೇ ನಂಬ್ಕೊಂಡು ಬಂದಿರೋರು ಯಾರಾದ್ರೂ ಇದ್ರೆ, ಬಾಗಿಲು ತೆಗೆದೇ ಇದೆ, ಬೇಜಾರಿಲ್ಲ.

ಕೊರೊನಾ ಬಗ್ಗೆ ನಾವು ಎಷ್ಟು ಮಾತಾಡಿದೀವಿ ನೋಡಿ. ಮಾಸ್ಕು, ಕಷಾಯ, ತಟ್ಟೆ ಬಡಿದಿದ್ದು, ಆಕ್ಸಿಜನ್ ಸಿಲಿಂಡರ್‌ಗೆ ಕ್ಯೂ ನಿಂತಿದ್ದು, ಎಲ್ಲಾ ಆಯ್ತು. ಆದ್ರೆ ಒಬ್ಬ ಮನುಷ್ಯ ಇನ್ನೊಬ್ಬರನ್ನ ಮುಟ್ಟದೇ ತಿಂಗಳುಗಟ್ಟಲೆ ಹೇಗಿದ್ದ ಅನ್ನೋದನ್ನ ಮಾತ್ರ ನಾವು ಮಾತಾಡೋದೇ ಇಲ್ಲ, ಅದೇನೋ ಕೇಳಬಾರದ ಪ್ರಶ್ನೆ ಅನ್ನೋ ಥರ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಹೇಳಿದ್ರು, ಹನ್ನೆರಡು ಗಂಟೆಯಿಂದ 21 ದಿನ ಎಲ್ಲಾ ಬಂದ್ ಅಂತ. ಮಾರನೇ ದಿನ ಯುಗಾದಿ. ಹಬ್ಬಕ್ಕೆ ಅಂತ ತವರಿಗೆ ಹೋಗಿದ್ದ ಹೆಂಡತಿ ಅಲ್ಲೇ, ಆಫೀಸ್ ರಜಾ ಸಿಗದೆ ಬೆಂಗಳೂರಲ್ಲೇ ಉಳ್ಕೊಂಡಿದ್ದ ಗಂಡ ಇಲ್ಲೇ. ಆ ನಾಲ್ಕು ಗಂಟೇಲಿ ಯಾರು ಯಾರ ಜೊತೆ ಸಿಕ್ಕಾಕೊಂಡ್ರು, ಯಾರು ಯಾರಿಂದ ತಪ್ಪಿಹೋದ್ರು ಅನ್ನೋದು ಬರೀ ಲಾಟರಿ. ಕೇರಳ ಗಡಿಯ ತಲಪಾಡಿಯಲ್ಲಿ ನಮ್ಮ ಕಡೆಯವರು ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ರಲ್ಲ, ನೆನಪಿದೆಯಾ? ಕಾಸರಗೋಡಿನ ಪೇಷಂಟ್‌ಗಳು ಮಂಗಳೂರಿಗೆ ಬರೋಕಾಗದೆ ಆ ವಿಷಯ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಹೋಗ್ಲೇಬೇಕಿತ್ತು. ಆದ್ರೆ ಆ ಗಡಿಯ ಎರಡೂ ಕಡೆ ಹೆಣ್ಣು ಕೊಟ್ಟು ತಂದಿರೋ ಮನೆಗಳು ತುಂಬಾ ಇವೆ, ಆ ಗಂಡ ಹೆಂಡತಿಯರ ಬಗ್ಗೆ ಯಾವ ಟಿವಿಯವರೂ ಮೈಕ್ ಹಿಡೀಲಿಲ್ಲ.

ನಾನು ಫ್ಯಾಮಿಲಿ ಕೌನ್ಸೆಲರ್. ಆ ಟೈಮಲ್ಲಿ ಮನೆಯಿಂದಲೇ ಫೋನ್ ತಗೋತಾ ಇದ್ದೆ. ನಿಮ್ಹಾನ್ಸ್‌ನವರು ದೇಶಕ್ಕೆಲ್ಲ ಹೆಲ್ಪ್‌ಲೈನ್ ಶುರು ಮಾಡಿದ್ರು, ನಮ್ಮಂಥ ಸಣ್ಣಪುಟ್ಟವರು ಊರೂರಲ್ಲಿ ನಮ್ಮ ನಮ್ಮ ನಂಬರ್ ಕೊಟ್ಕೊಂಡು ಕೂತಿದ್ವಿ. ಫೋನ್ ಮಾಡೋರು ಮೊದಲು ನಿದ್ದೆ ಬರಲ್ಲ ಅಂತಾರೆ, ಊಟ ಸೇರಲ್ಲ ಅಂತಾರೆ, ಅರ್ಧ ಗಂಟೆ ಆದ್ಮೇಲೆ ನಿಜವಾದ ವಿಷಯ ಬರತ್ತೆ. ನನಗೆ ಬೇಗ ಗೊತ್ತಾಗಿದ್ದು ಏನಂದ್ರೆ ಕಷ್ಟ ಎರಡು ಥರ ಇದೆ. ಒಂದು, ಮುಟ್ಟೋಕೆ ಯಾರೂ ಇಲ್ಲ. ಇನ್ನೊಂದು, ಮನೆ ತುಂಬಾ ಜನ, ಆದ್ರೆ ಮುಟ್ಟೋಕೆ ಜಾಗ ಇಲ್ಲ. ಬೇರೆ ದೇಶದವರು ಬರೆದಿದ್ದೆಲ್ಲಾ ಮೊದಲನೇದರ ಬಗ್ಗೆ. ನಮ್ಮಲ್ಲಿ ಎರಡನೇದೇ ದೊಡ್ಡದು.

ಮೊದಲನೇದಕ್ಕೆ ಒಬ್ಬರನ್ನ ಹೇಳ್ತೀನಿ. ರಿಟೈರ್ಡ್ ಮೇಷ್ಟ್ರು, ಹೆಂಡತಿ ತೀರ್ಕೊಂಡು ಎರಡು ವರ್ಷ, ಮಗ ಸೊಸೆ ಹೊರದೇಶದಲ್ಲಿ. ಮೇ 19ಕ್ಕೆ ಕರ್ನಾಟಕದಲ್ಲಿ ಸಲೂನ್ ತೆಗೆಯೋಕೆ ಬಿಟ್ರಲ್ಲ, ಆಗ ಇವರು ಕಟಿಂಗ್ ಶಾಪ್‌ಗೆ ಹೋದ್ರು. ಆ ಹುಡುಗ ಮಾಸ್ಕ್ ಹಾಕ್ಕೊಂಡು, ಪ್ಲಾಸ್ಟಿಕ್ ಏಪ್ರನ್ ಹಾಕ್ಕೊಂಡು, ಇವರ ಗಲ್ಲ ಹಿಡಿದು ತಲೆ ಸ್ವಲ್ಪ ಈ ಕಡೆ ತಿರುಗಿಸಿದ್ನಂತೆ. ಅಷ್ಟೇ. "ಅಷ್ಟಕ್ಕೇ ಗಂಟಲು ಕಟ್ಕೊಂತು ಮೇಡಂ" ಅಂದ್ರು. ಕಟಿಂಗ್ ಮುಗೀತು, ಎದ್ದು ಬರೋಕೆ ಮನಸ್ಸಾಗ್ಲಿಲ್ಲ, ಶೇವಿಂಗೂ ಮಾಡಪ್ಪ ಅಂದ್ರಂತೆ. ಬೆಳಿಗ್ಗೆ ಮನೇಲಿ ಶೇವ್ ಮಾಡ್ಕೊಂಡೇ ಹೋಗಿದ್ರು. ಆ ಹುಡುಗ ಗಲ್ಲ ಸವರಿ ನೋಡಿ "ಸಾರ್ ಕ್ಲೀನ್ ಆಗೇ ಇದೆಯಲ್ಲ" ಅಂದ, ಆಮೇಲೆ ಇವರ ಮುಖ ನೋಡಿ ಏನೂ ಮಾತಾಡದೆ ಸೋಪು ಹಚ್ಚಿದ. ಆ ಹುಡುಗ ನನಗಿಂತ ಒಳ್ಳೆ ಕೌನ್ಸೆಲರ್, ನಾನು ಇದನ್ನ ಎಲ್ಲಾ ಕಡೆ ಹೇಳ್ತೀನಿ.

ಎರಡನೇದು ಬೆಂಗಳೂರಿನ ಒಬ್ಬ ಹೆಣ್ಣುಮಗಳು, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಒಂದು ಹಾಲ್, ಒಂದು ಅಡುಗೆಮನೆ, ಅಷ್ಟೇ ಮನೆ. ಗಂಡ, ಇಬ್ಬರು ಮಕ್ಕಳು, ಅತ್ತೆ, ಮೈದುನ. ಮುಂಚೆ ಎಲ್ಲಾ ಶಿಫ್ಟ್ ಮೇಲೆ ನಡೀತಾ ಇತ್ತು, ಮಕ್ಕಳು ಸ್ಕೂಲಿಗೆ ಹೋದಾಗ, ಅತ್ತೆ ದೇವಸ್ಥಾನಕ್ಕೆ ಹೋದಾಗ, ಗಂಡ ಹೆಂಡತಿಗೆ ಸ್ವಲ್ಪ ಟೈಮ್. ಲಾಕ್‌ಡೌನ್ ಆದ್ಮೇಲೆ ಆರು ಜನ ಇಪ್ಪತ್ತನಾಲ್ಕು ಗಂಟೆ ಒಂದೇ ಕಡೆ. ಬೈಕಲ್ಲಿ ಇಬ್ಬರೂ ತರಕಾರಿಗೆ ಹೋಗಿ ಬರೋಣ, ದಾರೀಲಾದ್ರೂ ಮಾತಾಡೋಣ ಅಂದ್ರೆ ಡಬಲ್ಸ್ ಬಿಡಲ್ಲ, ಪೊಲೀಸ್ ಲಾಠಿ. ಒಂದೇ ಚಾಪೆ ಮೇಲೆ ಮಲಗೋ ಗಂಡ ಹೆಂಡತಿ ಒಂದೇ ಬೈಕ್ ಮೇಲೆ ಕೂರಬಾರದು ಅಂದ್ರೆ ಯಾವ ವೈರಸ್ ಲೆಕ್ಕ ಸ್ವಾಮಿ ಇದು? ಆ ಹೆಣ್ಣುಮಗಳು ಕೇಳಿದ್ದು ಇಷ್ಟೇ, "ಅವ್ರು ನನ್ನ ಮೇಲೆ ರೇಗ್ತಾರೆ, ನಾನು ಮಕ್ಕಳ ಮೇಲೆ ರೇಗ್ತೀನಿ, ಯಾಕೆ ಅಂತ ಇಬ್ಬರಿಗೂ ಗೊತ್ತು, ಹೇಳೋದು ಯಾರ ಹತ್ರ?" 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ 37 ಮನೆಗಳಿಗೆ ಇರೋದು ಒಂದೇ ಕೋಣೆ. ಹುಷಾರಿಲ್ಲದೋರನ್ನ ಬೇರೆ ರೂಮಲ್ಲಿ, ಬೇರೆ ಬಾತ್‌ರೂಮ್ ಕೊಟ್ಟು ಇಡಿ ಅಂತ ಸರ್ಕಾರದವರು ಹೇಳ್ತಾ ಇದ್ದಿದ್ದು ಇಂಥ ಮನೆಗಳಿಗೂನು.

ಇದೆಲ್ಲಾ ಯಾಕೆ ಇಷ್ಟು ಮುಖ್ಯ, ಪ್ರಾಣ ಉಳಿಸ್ಕೊಳ್ಳೋ ಟೈಮಲ್ಲಿ ಇವರಿಗೆ ಮುಟ್ಟೋ ಚಿಂತೆ ಅಂತ ಅನ್ನೋರು ಇದ್ದಾರೆ. ಇಲ್ಲೂ ಇದ್ದೀರಿ, ಮುಖ ನೋಡಿದ್ರೆ ಗೊತ್ತಾಗತ್ತೆ. (ನಗು) ಸ್ವಲ್ಪ ಚರ್ಮದ ವಿಷಯ ಹೇಳ್ತೀನಿ. ನಮ್ಮ ಚರ್ಮದಲ್ಲಿ, ಅದರಲ್ಲೂ ಕೂದಲಿರೋ ಕಡೆ, ಮುಂಗೈ, ಬೆನ್ನು, ಇಂಥ ಕಡೆ ಸಿ-ಟ್ಯಾಕ್ಟೈಲ್ ಅಂತ ಒಂದು ಜಾತಿ ನರದ ಎಳೆಗಳಿವೆ. ಚುಚ್ಚಿದ್ದು, ಸುಟ್ಟಿದ್ದು ಹೇಳೋ ನರಗಳೇ ಬೇರೆ. ಇವು ಚೆನ್ನಾಗಿ ಎಚ್ಚರ ಆಗೋದು ಮೆಲ್ಲಗೆ ಸವರಿದಾಗ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ಸ್ಪೀಡಲ್ಲಿ, ಸುಮಾರು ಮೂರು ಸೆಂಟಿಮೀಟರ್ ಆದ್ರೆ ಇನ್ನೂ ಚೆನ್ನ, ಅದೂ ಮೈ ಬಿಸಿಯಷ್ಟು ಬೆಚ್ಚಗಿರೋ ಕೈಯಾದ್ರೆ. ಸ್ವೀಡನ್ನಿನ ವಿಜ್ಞಾನಿಗಳು ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದಾರೆ. ಈಗ ಎಲ್ಲರೂ ಮಾಡಿ ನೋಡಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಎಂಟು ಎಣಿಸೋವಷ್ಟು ಹೊತ್ತು ತಗೊಂಡು ಸವರ್ಕೊಳ್ಳಿ. (ಹಾಲ್‌ನಲ್ಲಿ ಎಲ್ಲರೂ ಮಾಡಿದ್ರು, ಹಿಂದಿನ ಸಾಲಿನ ಹುಡುಗರನ್ನ ಬಿಟ್ಟು.) ಯಾವ ಸ್ಪೀಡು ಅಂತ ಗೊತ್ತಾಯ್ತಾ? ಅಮ್ಮ ಮಗೂನ ಮಲಗಿಸೋವಾಗ ಬೆನ್ನು ಸವರೋ ಸ್ಪೀಡು. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ತಮಾಷೆ ಅಂದ್ರೆ, ನಮ್ಮ ಕೈ ನಾವೇ ಸವರಿಕೊಂಡ್ರೆ ಬೇರೆಯವರು ಸವರಿದಷ್ಟು ಹಿತ ಆಗಲ್ಲ, ನಮ್ಮದೇ ಕೈ ಅಂತ ಮಿದುಳಿಗೆ ಮುಂಚೇನೇ ಗೊತ್ತು. ಹಾಗಾಗಿ ಇದು ಒಬ್ಬರೇ ಕೂತು ಸರಿಮಾಡ್ಕೊಳ್ಳೋ ವಿಷಯ ಅಲ್ಲ. ಅಂದಹಾಗೆ 2021ರ ವೈದ್ಯಕೀಯ ನೊಬೆಲ್ ಬಂದಿದ್ದು ಬಿಸಿ ಮತ್ತು ಸ್ಪರ್ಶ ನಮಗೆ ಹೇಗೆ ಗೊತ್ತಾಗತ್ತೆ ಅಂತ ಕಂಡುಹಿಡಿದ ಇಬ್ಬರಿಗೆ, ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್. ಪ್ರಪಂಚಾನೇ ಮುಟ್ಟೋಕೆ ಹೆದರ್ಕೊಂಡು ಕೂತಿದ್ದ ವರ್ಷ ಅದು, ನೊಬೆಲ್ ಕಮಿಟಿಯವರಿಗೆ ಹಾಸ್ಯಪ್ರಜ್ಞೆ ಇದೆ ಅನ್ಸತ್ತೆ.

ಈಗ ಬೇರೆ ದೇಶದವರು ಏನು ಮಾಡಿದ್ರು ನೋಡೋಣ, ಕೆಲವು ಕೇಳಿದ್ರೆ ನಗ್ತೀರ. ನ್ಯೂಯಾರ್ಕ್ ಸಿಟಿಯ ಹೆಲ್ತ್ ಡಿಪಾರ್ಟ್‌ಮೆಂಟು 2020ರ ಮಾರ್ಚಲ್ಲೇ, ಅಲ್ಲಿ ದಿನಾ ಹೆಣ ಬೀಳ್ತಾ ಇದ್ದ ಟೈಮಲ್ಲೇ, ಸೆಕ್ಸ್ ಬಗ್ಗೆ ಒಂದು ಕೈಪಿಡಿ ಹೊರಡಿಸ್ತು. ಎಲ್ಲಕ್ಕಿಂತ ಸೇಫ್ ಸಂಗಾತಿ ಅಂದ್ರೆ ನೀವೇ, ಅದು ಬಿಟ್ರೆ ನಿಮ್ಮ ಜೊತೆ ಒಂದೇ ಮನೇಲಿ ಇರೋರು, ಹೀಗೆ ನೇರಾನೇರ. ಕೆನಡಾದ ಬ್ರಿಟಿಷ್ ಕೊಲಂಬಿಯಾದವರು ಇನ್ನೂ ಮುಂದೆ ಹೋದ್ರು, ಏನು ಬರೆದ್ರು ಅಂತ ಇಲ್ಲಿ ಹೇಳಲ್ಲ, ಮುಂದಿನ ಸಾಲಲ್ಲಿ ನಮ್ಮ ಅತ್ತೆ ಕೂತಿದ್ದಾರೆ. (ಜೋರು ನಗು) ನೆದರ್ಲೆಂಡ್ಸ್‌ನ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಹೇಳಿದ್ದು, ಒಂಟಿಯಾಗಿರೋರು ಒಬ್ಬರನ್ನ ಗೊತ್ತು ಮಾಡ್ಕೊಳ್ಳಿ, ಇಬ್ಬರೂ ಮಾತಾಡ್ಕೊಳ್ಳಿ, ಯಾರಿಗಾದ್ರೂ ಜ್ವರ ಕೆಮ್ಮು ಇದ್ರೆ ಸೇರಬೇಡಿ ಅಂತ. ಸರ್ಕಾರದ ಸಂಸ್ಥೆ ಹೇಳಿದ್ದು ಇದು! ನ್ಯೂಜಿಲೆಂಡ್‌ನವರು ಬಬಲ್ ಅಂತ ಮಾಡಿದ್ರು, ನಿಮ್ಮ ಮನೆಯವರೇ ನಿಮ್ಮ ಬಬಲ್ಲು, ಏಪ್ರಿಲ್ ಕೊನೇಲಿ ಸ್ವಲ್ಪ ಸಡಿಲ ಮಾಡಿ ಹತ್ತಿರದವರು ಒಂದಿಬ್ಬರನ್ನ ಸೇರಿಸ್ಕೊಳೋಕೆ ಬಿಟ್ರು. ಇಂಗ್ಲೆಂಡಲ್ಲಿ ಜೂನ್ 13ರಿಂದ ಒಬ್ಬರೇ ಇರೋರು ಇನ್ನೊಂದು ಮನೆ ಜೊತೆ ಸೇರ್ಕೋಬಹುದು ಅಂತ ಮಾಡಿದ್ರು. ಬೆಲ್ಜಿಯಂನಲ್ಲಿ ಆ ವರ್ಷದ ನವೆಂಬರ್‌ನಲ್ಲಿ ಮತ್ತೆ ಲಾಕ್‌ಡೌನ್ ಆದಾಗ ಮನೇಲಿ ಒಬ್ಬೊಬ್ಬರಿಗೂ ಒಬ್ಬರಂತೆ ಅಪ್ಪಿಕೊಳ್ಳೋ ಗೆಳೆಯ ಇರಬಹುದು ಅಂತ ರೂಲ್ ಮಾಡಿದ್ರು, ಒಬ್ಬರೇ ಇರೋರಿಗೆ ಇನ್ನೊಬ್ಬರು ಎಕ್ಸ್‌ಟ್ರಾ, ಆದ್ರೆ ಇಬ್ಬರೂ ಒಟ್ಟಿಗೆ ಬರೋ ಹಾಗಿಲ್ಲ.

ಎಲ್ಲಾ ಕಡೆ ಹೀಗೇ ಚೆನ್ನಾಗಿತ್ತು ಅಂತ ಅಲ್ಲ. ಜರ್ಮನಿಯ ಕಾನ್‌ಸ್ಟಾನ್ಸ್, ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್, ಎರಡೂ ಅಂಟ್ಕೊಂಡಿರೋ ಊರು, ಅಲ್ಲಿ ಗಡಿ ಮುಚ್ಚಿ ಬೇಲಿ ಹಾಕಿದ್ರು. ಪ್ರೇಮಿಗಳು ಬೇಲಿ ಹತ್ರ ಬಂದು ತಂತಿ ಸಂದಿಯಿಂದ ಕೈ ಹಿಡ್ಕೊಂಡು, ಮುತ್ತು ಕೊಟ್ಕೊಂಡು ನಿಲ್ತಾ ಇದ್ರು. ಅದನ್ನ ನೋಡಿ ಸ್ವಲ್ಪ ದೂರಕ್ಕೆ ಇನ್ನೊಂದು ಬೇಲಿ ಹಾಕಿದ್ರು! ಮೇ ತಿಂಗಳ ಮಧ್ಯದಲ್ಲಿ ತೆಗೆದ್ರು ಅನ್ನಿ. ನಮ್ಮ ತಲಪಾಡಿ ಮಣ್ಣಿಗೂ ಅವರ ಬೇಲಿಗೂ ಏನೂ ವ್ಯತ್ಯಾಸ ಇಲ್ಲ, ಅವರ ಪ್ರೇಮಿಗಳ ಫೋಟೋ ಪೇಪರಲ್ಲಿ ಬಂತು, ನಮ್ಮವರದು ಬರ್ಲಿಲ್ಲ.

ಇನ್ನು ರೂಲ್ಸ್ ಮಾಡಿದವರದ್ದೇ ಒಂದು ಕಥೆ. ಬ್ರಿಟನ್ನಿನಲ್ಲಿ ಲಾಕ್‌ಡೌನ್ ಮಾಡಲೇಬೇಕು ಅಂತ ಲೆಕ್ಕ ಹಾಕಿ ಕೊಟ್ಟ ಪ್ರೊಫೆಸರ್ ನೀಲ್ ಫರ್ಗ್ಯುಸನ್, ಸ್ನೇಹಿತೆ ಮನೆಗೆ ಬಂದಿದ್ದು ಹೊರಗೆ ಬಿದ್ದು 2020ರ ಮೇನಲ್ಲಿ ಸರ್ಕಾರದ ಸಲಹಾ ಸಮಿತಿ ಬಿಟ್ರು. ಮುಂದಿನ ವರ್ಷ ಜೂನಲ್ಲಿ ಆರೋಗ್ಯ ಮಂತ್ರಿ ಮ್ಯಾಟ್ ಹ್ಯಾನ್‌ಕಾಕ್, ಆಫೀಸಲ್ಲೇ ಸಹೋದ್ಯೋಗಿಗೆ ಮುತ್ತು ಕೊಟ್ಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿ ರಾಜೀನಾಮೆ. ಜನ ಆಷಾಢಭೂತಿಗಳು ಅಂತ ಬೈದ್ರು, ಬೈಯೋದು ನ್ಯಾಯಾನೇ. ನನಗೆ ಕಂಡಿದ್ದು ಇನ್ನೊಂದು. ವೈರಸ್ ಬಗ್ಗೆ ಎಲ್ಲಾ ಗೊತ್ತಿದ್ದವರಿಗೇ ತಡೆಯೋಕಾಗ್ಲಿಲ್ಲ ಅಂದ್ಮೇಲೆ, ಮುಟ್ಟಲೇಬೇಡಿ ಅನ್ನೋ ರೂಲ್ ಸಾಮಾನ್ಯ ಜನರ ಕೈಲಿ ಎಷ್ಟು ದಿನ ನಿಲ್ಲತ್ತೆ? ಶುಗರ್ ಇರೋರಿಗೆ ಅನ್ನ ಬಿಟ್ಬಿಡಿ ಅಂದ್ರೆ ಕದ್ದು ತಿಂತಾರೆ, ಒಂದು ಬಟ್ಟಲು ತಿನ್ನಿ ಅಂದ್ರೆ ಕೇಳ್ತಾರೆ.

ಈ ಪಾಠ ನಮಗೆ ಹೊಸದೇನಲ್ಲ. ಏಡ್ಸ್ ಬಂದಾಗ ಕಲ್ತಿದ್ವಿ. ಇದೇ ಮೈಸೂರಲ್ಲಿ ಲೈಂಗಿಕ ಕಾರ್ಯಕರ್ತೆಯರು ಆಶೋದಯ ಅಂತ ಸಂಘ ಕಟ್ಕೊಂಡು, ತಾವೇ ಕಾಂಡೋಮ್ ಹಂಚಿ, ತಾವೇ ಒಬ್ಬರಿಗೊಬ್ಬರು ಹೇಳ್ಕೊಂಡು ಕೆಲಸ ಮಾಡಿದ್ರು. ಅಲ್ಲಿ ಯಾರೂ ಸಂಬಂಧವೇ ಬೇಡ ಅಂತ ಭಾಷಣ ಮಾಡ್ಲಿಲ್ಲ, ಹೀಗಾದ್ರೆ ಅಪಾಯ, ಹೀಗಾದ್ರೆ ಕಮ್ಮಿ ಅಂದ್ರು. ಹಾರ್ವರ್ಡ್‌ನ ಜೂಲಿಯಾ ಮಾರ್ಕಸ್ ಅನ್ನೋರು 2020ರಲ್ಲೇ ಇದನ್ನೇ ಬರೆದ್ರು, ಎಚ್‌ಐವಿಯಲ್ಲಿ ಕಲ್ತಿದ್ದನ್ನ ಕೊರೊನಾದಲ್ಲಿ ಮರೀಬೇಡಿ ಅಂತ. ನಾವು ಮರೆತ್ವಿ. ಕರ್ನಾಟಕದಲ್ಲಿ ಹೋಮ್ ಕ್ವಾರಂಟೈನ್‌ನಲ್ಲಿ ಇರೋರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸ್ಬೇಕು ಅಂತ ಆರ್ಡರ್ ಬಂತು, ಕೈಗೆ ಅಳಿಸದ ಇಂಕಿನ ಸೀಲು ಹೊಡೆದ್ರು, 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಲ್ಲಿ ಮನೆ ಬಾಗಿಲಿಗೇ ತಗಡು ಹೊಡೆದು ಆಮೇಲೆ ಕಮಿಷನರ್ ಕ್ಷಮೆ ಕೇಳಿದ್ರು. ಕಾವಲು ಕಾಯೋಕೆ ಇಷ್ಟೆಲ್ಲಾ ತಲೆ ಓಡಿಸಿದವರು, ಒಬ್ಬರೇ ಇರೋ ಮನುಷ್ಯ ಯಾರಾದ್ರೂ ಒಬ್ಬರ ಮನೆಗೆ ಹೋಗಿ ಇರಬಹುದು ಅಂತ ಒಂದು ಸಾಲು ಬರೀಲಿಲ್ಲ. ಯಾಕೆ ಅಂದ್ರೆ ನಮ್ಮ ಆಫೀಸರ್‌ಗಳ ತಲೇಲಿ ಎಲ್ಲರಿಗೂ ಸಂಸಾರ ಇದೆ. ಪಿಜಿ ಹುಡುಗಿ ಇಲ್ಲ, ವಿಧವೆ ಇಲ್ಲ, ಮನೇಲಿ ಹೇಳ್ಕೊಳ್ಳೋಕೆ ಆಗದೇ ಇರೋ ಪ್ರೀತಿ ಇಲ್ಲ, ಗಂಡು ಗಂಡನ್ನ ಪ್ರೀತಿಸೋದಂತೂ ಇಲ್ವೇ ಇಲ್ಲ. ಅಂಥ ಹುಡುಗ ಒಬ್ಬ ಫೋನ್ ಮಾಡಿದ್ದ, ಲಾಕ್‌ಡೌನ್ ಅಂತ ಹಳ್ಳಿಗೆ ವಾಪಸ್ ಹೋಗಿದಾನೆ, ಅವನ ಜೊತೆಗಾರ ಹೈದರಾಬಾದಲ್ಲಿ, ಮನೇಲಿ ಹೆಣ್ಣು ನೋಡ್ತಾ ಇದಾರೆ, ಮಾತಾಡೋಕೆ ಕೊಟ್ಟಿಗೆಗೆ ಬಂದು ಪಿಸುಪಿಸು ಅಂತಿದ್ದ, ಹಿಂದೆ ಹಸು ಕೂಗೋದು ನನಗೆ ಕೇಳ್ತಾ ಇತ್ತು.

ಆದ್ರೆ ಒಂದು ಮಾತು. ದೂರ ಇರೋದನ್ನ ನಮ್ಮ ಅಜ್ಜಿಯರು ನಮಗಿಂತ ಚೆನ್ನಾಗಿ ಮಾಡ್ತಾ ಇದ್ರು. ಮನೇಲಿ ಮಗೂಗೆ ಅಮ್ಮ ಆಗಿದೆ ಅಂದ್ರೆ ಬಾಗಿಲಿಗೆ ಬೇವಿನ ಸೊಪ್ಪು, ಹೊರಗಿನವರು ಬರಲ್ಲ, ಒಗ್ಗರಣೆ ಹಾಕಲ್ಲ, ಗಂಡ ಹೆಂಡತಿ ಬೇರೆ ಮಲಗ್ತಾರೆ. ಆದ್ರೆ ಮಗು ಒಂಟಿ ಅಲ್ಲ. ಚಿಕ್ಕವರಿದ್ದಾಗ ಅದು ಆಗಿ ವಾಸಿಯಾಗಿರೋ ದೊಡ್ಡವರು ಒಬ್ಬರು ಪಕ್ಕದಲ್ಲೇ ಕೂತು ಬೇವಿನ ಎಲೇಲಿ ಮೈ ಸವರ್ತಾ ಇರ್ತಾರೆ. ದಿನ ಎಣಿಸಿ ತಲೆಗೆ ನೀರು ಹಾಕಿದ್ರೆ ಮುಗೀತು, ಎಲ್ಲರೂ ಒಳಗೆ ಬರಬಹುದು. ಆಷಾಢದಲ್ಲಿ ಹೊಸ ಮದುಮಗಳನ್ನ ತವರಿಗೆ ಕಳಿಸ್ತೀವಿ, ಗಂಡ ಹೆಂಡತಿ ಒಂದು ತಿಂಗಳು ಬೇರೆ, ಇಬ್ಬರೂ ಚಡಪಡಿಸ್ತಾರೆ, ಆದ್ರೆ ಭೀಮನ ಅಮಾವಾಸ್ಯೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿದ್ರೆ ಗೊತ್ತು. ಯಾರು ಹತ್ರ ಇರಬಹುದು, ಯಾವತ್ತಿಗೆ ಮುಗಿಯತ್ತೆ, ಇವೆರಡು ಗೊತ್ತಿದ್ರೆ ಮನುಷ್ಯ ತಡ್ಕೋತಾನೆ. ಕೊರೊನಾದಲ್ಲಿ 21 ದಿನ ಅಂದ್ರು, ಆಮೇಲೆ 19 ಅಂದ್ರು, ಆಮೇಲೆ ಎರಡೆರಡು ವಾರ, ಎಣಿಸೋದನ್ನೇ ಬಿಟ್ಟುಬಿಟ್ವಿ.

ಹಳೇದನ್ನೆಲ್ಲಾ ಹೊಗಳ್ತಾ ಇದ್ದೀನಿ ಅಂದ್ಕೋಬೇಡಿ. ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಣಂತೀನೂ ಹಸುಗೂಸನ್ನೂ ಹೊರಗಿನ ಗುಡಿಸಲಲ್ಲಿ ಇಡೋದು ಇವತ್ತಿಗೂ ಅಲ್ಲಲ್ಲಿ ಇದೆ. ಇನ್ನು ಜಾತಿ. ಹೋಟೆಲ್‌ನಲ್ಲಿ ಬೇರೆ ಲೋಟ, ಅಂಗಡೀಲಿ ಚಿಲ್ಲರೆ ಮೇಲಿಂದ ಹಾಕೋದು, ಇದನ್ನೆಲ್ಲ ನೋಡ್ಕೊಂಡು ಬೆಳೆದವರಿಗೆ ಅಂತರ ಕಾಪಾಡಿ ಅನ್ನೋ ಬೋರ್ಡು ಹೇಗೆ ಕಂಡಿರಬೇಕು? ನಮ್ಮ ಹಿರಿಯರು ಹೇಳಿದ್ದೇ ಸರಿ, ಮಡಿ ಅಂದ್ರೆ ಸೈನ್ಸು ಅಂತ ವಾಟ್ಸಾಪಲ್ಲಿ ಎಷ್ಟು ಮೆಸೇಜ್ ಓಡಾಡ್ತು! ಅದನ್ನ ಫಾರ್ವರ್ಡ್ ಮಾಡಿದವರು ಈ ಹಾಲ್‌ನಲ್ಲೂ ಇರಬಹುದು, ಹೆಸರು ಹೇಳಲ್ಲ.

ಇನ್ನೊಂದು ಮುಖಾನೂ ಇದೆ. ದೂರಾನೇ ಬೇಕಿದ್ದವರು. ಗಂಡ ಮನೇಲೇ ಇದ್ದಾನೆ, ಕೆಲಸ ಇಲ್ಲ, ದಿನಕ್ಕೆ ಎಷ್ಟು ಸಲ ಅಂತ ಹೇಳೋದು ಮೇಡಂ ಅಂತ ಅತ್ತವರಿದ್ದಾರೆ. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ದೂರು ಜಾಸ್ತಿ ಆಗಿ 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್ ನಂಬರ್ ಬಿಡಬೇಕಾಯ್ತು, ಯಾಕಂದ್ರೆ ಗಂಡ ಪಕ್ಕದಲ್ಲೇ ಕೂತಿದ್ರೆ ಫೋನಲ್ಲಿ ಮಾತಾಡೋದು ಹೇಗೆ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸ್ಕೊಂಡಿರೋರು, ಅದೇ ನಮ್ಮ ಫ್ಯಾಮಿಲಿ ಪ್ಲಾನಿಂಗು. ಲಾಕ್‌ಡೌನ್‌ನಲ್ಲಿ ಆ ಆಪರೇಷನ್ ನಿಂತೋಯ್ತು, ಎರಡನೇ ಹೆರಿಗೆ ಆಗಿ ಕಾಯ್ತಾ ಇದ್ದವರ ಗತಿ? ಆಶಾ ಕಾರ್ಯಕರ್ತೆಯರು ಮಾತ್ರೆ, ನಿರೋಧ್ ಕೊಡ್ತಿದ್ರು, ಆದ್ರೆ ಅವರನ್ನ ಕೊರೊನಾ ಸರ್ವೆಗೆ ಹಾಕಿದ್ರು. ಹಾಗಾಗಿ ನಾನು ಆಪ್ತತೆ ಅಂದಾಗ ಇಬ್ಬರಿಗೂ ಬೇಕಾಗಿದ್ದು ಅಂತ ಅರ್ಥ ಮಾಡ್ಕೊಳ್ಳಿ. ಬೇಡ ಅನ್ನೋಕೆ ಆಗದೇ ಇರೋ ಮನೇಲಿ ಹತ್ತಿರ ಇರೋದು ಆಪ್ತತೆ ಅಲ್ಲ.

ಈಗ ಉಸಿರಿನ ವಿಷಯ, ಇದು ಗೊತ್ತಿದ್ರೆ ಅರ್ಧ ಸಮಸ್ಯೆ ಪರಿಹಾರ. ಈ ವೈರಸ್ ಬರೋದು ಮುಖ್ಯವಾಗಿ ಉಸಿರಿಂದ, ಮುಚ್ಚಿದ ರೂಮಿನ ಗಾಳಿಯಿಂದ. ಮೊದಲು ನಾವು ತರಕಾರಿ ತೊಳೆದ್ವಿ, ಹಾಲಿನ ಪ್ಯಾಕೆಟ್‌ಗೆ ಸೋಪ್ ಹಚ್ಚಿದ್ವಿ, ಮಕ್ಕಳನ್ನ ಮುಟ್ಟೋಕೆ ಹೆದರಿದ್ವಿ, ಆದ್ರೆ ಕಿಟಕಿ ಹಾಕ್ಕೊಂಡು ಎಸಿ ಹಾಲ್‌ನಲ್ಲಿ ಮದುವೆ ಊಟ ಮಾಡಿದ್ವಿ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಡಿಸಿ, ಅಂದ್ರೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು ಹೇಳಿದ್ರು, ವಸ್ತು ಮುಟ್ಟಿ ಅಂಟೋ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಅಂತ. ವರ್ಜೀನಿಯಾ ಟೆಕ್‌ನಲ್ಲಿ ಗಾಳಿಯ ಕಣಗಳ ಮೇಲೆ ಕೆಲಸ ಮಾಡೋ ಲಿನ್ಸಿ ಮಾರ್ ಅನ್ನೋರು 2020ರ ಜೂನ್‌ನಲ್ಲೇ ತಬ್ಕೊಳೋದು ಹೇಗೆ ಅಂತ ಲೆಕ್ಕ ಹಾಕಿ ಹೇಳಿದ್ರು. ಹೊರಗಡೆ ಬಯಲಲ್ಲಿ, ಇಬ್ಬರೂ ಮಾಸ್ಕ್ ಹಾಕಿ, ಮುಖ ಬೇರೆ ಬೇರೆ ಕಡೆ ತಿರುಗಿಸಿ, ಮಾತಾಡದೆ, ಕೆಮ್ಮದೆ, ಬೇಗ ಬಿಡಿಸ್ಕೊಂಡು ಹಿಂದೆ ಸರೀರಿ ಅಂತ. ಮೊಮ್ಮಗು ಆದ್ರೆ ಅದು ಅಜ್ಜಿಯ ಸೊಂಟಾನೋ ಮೊಣಕಾಲೋ ತಬ್ಕೊಳ್ಲಿ, ಅಜ್ಜಿ ಬೇಕಿದ್ರೆ ಮಗು ತಲೆ ಹಿಂಭಾಗಕ್ಕೆ ಮುತ್ತು ಕೊಡ್ಲಿ. ಇದು ಗೊತ್ತಾದ್ಮೇಲೆ ನಾನು ಫೋನಲ್ಲಿ ಎಷ್ಟು ಅಜ್ಜಿಯರಿಗೆ ಹೇಳಿದೀನೋ. ಜಗಲಿ ಇರೋ ಮನೆಯವರು ಪುಣ್ಯವಂತರು. ಗಂಡ ಹೆಂಡತಿಗೂ ಅಷ್ಟೇ, ಒಬ್ಬರು ಹೊರಗೆ ದುಡಿಯೋರು ಇದ್ರೆ ಕಿಟಕಿ ತೆಗೆದು ಮಲಗಿ, ಬೆನ್ನು ಕಾಲು ಒತ್ತೋದ್ರಲ್ಲಿ ಅಪಾಯ ಕಮ್ಮಿ, ಮುಖಕ್ಕೆ ಮುಖ ಕೊಡೋದನ್ನ ಸ್ವಲ್ಪ ದಿನ ತಡೀರಿ.

ಯಾವ ಮುಟ್ಟೋದನ್ನ ನಿಲ್ಲಿಸಲೇಬಾರದು ಅನ್ನೋದಕ್ಕೆ ಒಂದು ಉದಾಹರಣೆ. ತೂಕ ಕಮ್ಮಿ ಇರೋ ಹಸುಗೂಸನ್ನ ತಾಯಿ ಎದೆಗೆ ಮೈಗೆ ಮೈ ತಾಗೋ ಹಾಗೆ ಕಟ್ಕೊಳೋದು, ಕಾಂಗರೂ ಆರೈಕೆ ಅಂತೀವಲ್ಲ, 1970ರ ದಶಕದ ಕೊನೇಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾಗಿದ್ದು. ನಮ್ಮ ಕೊಪ್ಪಳ ಜಿಲ್ಲೇಲಿ ಸರ್ಕಾರಿ ಆಸ್ಪತ್ರೆ, ಹಳ್ಳಿ ಮನೆಗಳವರೆಗೂ ಅದನ್ನ ತಗೊಂಡೋಗಿ ಒಳ್ಳೆ ಕೆಲಸ ಆಗಿದೆ. ಕೊರೊನಾ ಬಂದಾಗ ಎಷ್ಟೋ ದೇಶದ ಆಸ್ಪತ್ರೆಗಳಲ್ಲಿ ಪಾಸಿಟಿವ್ ಅಂತ ತಾಯಿ ಮಗೂನ ಬೇರೆ ಮಾಡಿದ್ರು. ಬೇರೆ ಮಾಡಬೇಡಿ, ತಾಯಿ ಮಾಸ್ಕ್ ಹಾಕ್ಕೊಂಡು ಎತ್ಕೊಳ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾನೇ ಇತ್ತು. ಕಾಂಗರೂ ಆರೈಕೆ ಎಲ್ಲಾ ಕಡೆ ಸಿಕ್ಕಿದ್ರೆ 1,25,000ಕ್ಕಿಂತ ಹೆಚ್ಚು ಕೂಸುಗಳು ಉಳೀತವೆ, ಅದಕ್ಕೆ ಹೋಲಿಸಿದ್ರೆ ಸೋಂಕಿಂದ ಹೋಗೋದು ತೀರಾ ಕಮ್ಮಿ ಅಂತ 2021ರಲ್ಲಿ ಅಂದಾಜು ಬಂತು. ಲೆಕ್ಕ ಹಾಕಿ ನೋಡಿದ್ರೆ ಮುಟ್ಟದೇ ಇರೋದೇ ಅಪಾಯ. ಆ ಲೆಕ್ಕಾನ ನಾವು ಕೂಸುಗಳಿಗೆ ಹಾಕಿದ್ವಿ, ಎಂಬತ್ತು ವರ್ಷದವರಿಗೆ ಹಾಕಲೇ ಇಲ್ಲ. ಇಟಲಿಯ ಕಾಸ್ಟೆಲ್‌ಫ್ರಾಂಕೊ ವೆನೆಟೊ ಅನ್ನೋ ಊರಿನ ವೃದ್ಧಾಶ್ರಮದಲ್ಲಿ ಪ್ಲಾಸ್ಟಿಕ್ ಪರದೆಗೆ ತೋಳು ಹೊಲಿದು ಅದರೊಳಗೆ ಕೈ ಹಾಕಿ ತಬ್ಕೊಳೋ ರೂಮ್ ಮಾಡಿದ್ರು. ಬ್ರೆಜಿಲ್‌ನಲ್ಲೂ ಅಂಥದ್ದೇ ಪರದೆ, ಅದರ ಒಂದು ಫೋಟೋ 2021ರ ವರ್ಲ್ಡ್ ಪ್ರೆಸ್ ಫೋಟೋ ಅವಾರ್ಡ್ ತಗೊಂತು, 85ರ ಅಜ್ಜಿ, ತಿಂಗಳುಗಳಾದ ಮೇಲೆ ಸಿಕ್ಕ ಮೊದಲ ಅಪ್ಪುಗೆ, ಹಳದಿ ಅಂಚಿನ ಪ್ಲಾಸ್ಟಿಕ್ಕು. ಖರ್ಚು ಎಷ್ಟು ಅಂತೀರ, ನಾಲ್ಕು ಮೀಟರ್ ಪ್ಲಾಸ್ಟಿಕ್ ಶೀಟು. ನಮ್ಮ ವೃದ್ಧಾಶ್ರಮಗಳಲ್ಲಿ ಗೇಟಿಗೆ ಬೀಗ ಹಾಕಿದ್ರು.

ಪ್ರಶ್ನೆಗಳಿಗೆ ಟೈಮ್ ಬಿಡ್ತೀನಿ.

ಒಬ್ಬರು ಹಿರಿಯರು ಕೇಳಿದ್ರು: "ಇದನ್ನೆಲ್ಲಾ ಸರ್ಕಾರ ಸರ್ಕ್ಯುಲರ್‌ನಲ್ಲಿ ಬರೆದ್ರೆ ಜನ ಮರ್ಯಾದೆ ಬಿಟ್ಟು ಓಡಾಡಲ್ವಾ ತಾಯಿ?"

ನಾನು ಹೇಳಿದ್ದು, ಅಪ್ಪಾಜಿ, ಬರೀದೇ ಇದ್ರೂ ಓಡಾಡಿದ್ರು. ಹಾಲಿನ ಪಾಸು, ಮೆಡಿಸಿನ್ ಪಾಸು ತಗೊಂಡು ಯಾರ್ಯಾರು ಎಲ್ಲೆಲ್ಲಿಗೆ ಹೋದ್ರು ನನಗೆ ಗೊತ್ತು. ಬರೆದಿದ್ರೆ ಒಬ್ಬರ ಹತ್ರ ಮಾತ್ರ ಹೋಗ್ತಾ ಇದ್ರು, ಜ್ವರ ಬಂದಿದ್ರೆ ಹೇಳ್ತಾ ಇದ್ರು. ಕದ್ದು ಹೋದವರು ಪಾಸಿಟಿವ್ ಆದಾಗ ಯಾರ ಸಂಪರ್ಕ ಅಂತ ಆರೋಗ್ಯ ಇಲಾಖೆಯವರು ಕೇಳಿದ್ರೆ ಬಾಯಿ ಬಿಡ್ಲಿಲ್ಲ, ಆ ಕಡೆಯವರಿಗೆ ಟೆಸ್ಟೂ ಆಗ್ಲಿಲ್ಲ.

ಒಬ್ಬ ಹುಡುಗಿ: "ವಿಡಿಯೋ ಕಾಲ್ ಸಾಕಾಗಲ್ವಾ ಮೇಡಂ? ನಾನೂ ನನ್ನ ಫಿಯಾನ್ಸೀನೂ ಹಾಗೇ ಒಂದು ವರ್ಷ ಇದ್ವಿ."

ಸಾಕಾಗ್ತಿತ್ತಾ ಅಂತ ನೀನೇ ಹೇಳಮ್ಮ ಅಂದೆ. ಅವಳು ನಕ್ಕು ಕೂತ್ಕೊಂಡ್ಲು. ಮಾತಿಗೆ, ಮುಖಕ್ಕೆ ವಿಡಿಯೋ ಕಾಲ್ ದೊಡ್ಡ ಉಪಕಾರ, ಅದಿಲ್ಲದೆ ಇದ್ದಿದ್ರೆ ಇನ್ನೂ ಕಷ್ಟ ಆಗ್ತಿತ್ತು. ಜೊತೇಲಿ ಒಂದೇ ಹೊತ್ತಿಗೆ ಊಟಕ್ಕೆ ಕೂರೋದು, ಫೋನ್ ಆನ್ ಇಟ್ಕೊಂಡೇ ನಿದ್ದೆ ಮಾಡೋದು, ಇದೆಲ್ಲ ಮಾಡಿದವರು ಚೆನ್ನಾಗಿ ತಡ್ಕೊಂಡ್ರು. ಆದ್ರೆ ಫೋಟೋ ವಿಡಿಯೋ ಕಳಿಸೋವಾಗ ಮುಖ ಬೀಳದ ಹಾಗೆ ನೋಡ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಆಮೇಲೆ ಬ್ಲ್ಯಾಕ್‌ಮೇಲ್ ಅಂತ ಅತ್ಕೊಂಡು ಬಂದಿದ್ದು ಬೇಕಾದಷ್ಟಿದೆ.

ಕೊನೇದಾಗಿ ಒಬ್ಬರು ನಡುವಯಸ್ಸಿನ ಹೆಂಗಸು ಮೈಕ್ ಬೇಡ ಅಂತ ಹತ್ರ ಬಂದು ಕೇಳಿದ್ರು. ಅಪ್ಪ 2021ರ ಮೇನಲ್ಲಿ ಹೋದ್ರು, ಪಿಪಿಇ ಹಾಕಿದವರು ಮುಖಾನೂ ತೋರಿಸ್ಲಿಲ್ಲ, ಕಾಲು ಮುಟ್ಟಿ ನಮಸ್ಕಾರ ಮಾಡೋಕೂ ಬಿಡ್ಲಿಲ್ಲ, ಅದು ರೂಲ್ಸೇನಾ ಅಂತ. ಅವರ ಒಪ್ಪಿಗೆ ತಗೊಂಡೇ ಇದನ್ನ ಬರೀತಾ ಇದ್ದೀನಿ, ಇನ್ನೂ ಸುಮಾರು ಜನಕ್ಕೆ ಈ ಪ್ರಶ್ನೆ ಇರತ್ತೆ ಅಂತ. ರೂಲ್ಸ್ ಹಾಗಿರ್ಲಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2020ರ ಮಾರ್ಚಲ್ಲೇ ಕೊಟ್ಟ ಮಾರ್ಗಸೂಚೀಲಿ, ಸಿಬ್ಬಂದಿ ಬ್ಯಾಗಿನ ಜಿಪ್ ಮುಖದ ಹತ್ರ ತೆಗೆದು ಮನೆಯವರಿಗೆ ಕೊನೇ ಸಲ ತೋರಿಸಬಹುದು ಅಂತಿತ್ತು. ಮುಟ್ಟದೆ ಮಾಡೋ ಮಂತ್ರ, ತೀರ್ಥ ಚಿಮುಕಿಸೋದು, ಎಲ್ಲಕ್ಕೂ ಅವಕಾಶ ಇತ್ತು, ಬೂದಿಯಿಂದ ಏನೂ ಅಪಾಯ ಇಲ್ಲ ಅಂತಾನೂ ಬರೆದಿತ್ತು. ಸ್ನಾನ ಮಾಡಿಸೋದು, ತಬ್ಕೊಳೋದು ಮಾತ್ರ ಬೇಡ ಅಂದಿದ್ರು. ಕಾಲು ಮುಟ್ಟೋದು ಆಗ್ತಿರ್ಲಿಲ್ಲ ಅಮ್ಮ, ಮುಖ ನೋಡೋದು ನಿಮ್ಮ ಹಕ್ಕಾಗಿತ್ತು ಅಂದೆ. ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡ್ಕೊಂಡು ಆ ಮಾರ್ಗಸೂಚಿ ಸಿಗತ್ತಾ, ತಮ್ಮನಿಗೆ ತೋರಿಸ್ಬೇಕು, ಆಸ್ಪತ್ರೇಲಿ ನೀನೇ ಗಟ್ಟಿಯಾಗಿ ಕೇಳ್ಲಿಲ್ಲ ಅಂತ ಅವನು ಇವತ್ತಿಗೂ ನನ್ನ ಬೈತಾನೆ, ಕೇಳಿದ್ದೆ ಮೇಡಂ ನಾನು, ಅಂದ್ರು. ನಂಬರ್ ತಗೊಂಡು ಅವತ್ತೇ ರಾತ್ರಿ ಪಿಡಿಎಫ್ ಕಳಿಸ್ದೆ.